ಎರಡು ರಾತ್ರಿಯ ನಿದ್ರೆಗಾಗಿ ಒಂದು ದ್ವೀಪ

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ವೈದ್ಯರು ಅವರನ್ನು ನೋಡುತ್ತಾರೆ, ಬಂಧುಗಳು ಅವರನ್ನು ವಿಚಾರಿಸುತ್ತಾರೆ. ಅವರ ಪಕ್ಕದಲ್ಲಿ ನಿಂತು ಸೇವೆ ಮಾಡುವವರ ಆರೋಗ್ಯವನ್ನು ವಿಚಾರಿಸುವವರು ವಿರಳ. ನಮ್ಮ ತಂದೆಯವರಿಗೆ ಪಾರ್ಶ್ವವಾಯುವಾಗಿ ಎರಡು ವರ್ಷಗಳಾಗಿದ್ದವು. ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ನಿಂತಿತ್ತು. ಅವರನ್ನು ಪರೀಕ್ಷಿಸಲು ಮನೆಗೆ ಬಂದಿದ್ದ ವೈದ್ಯರು ಚೀಲ ಮುಚ್ಚುವ ಮುನ್ನ, ಏನೋ ಹೊಳೆದವರಂತೆ, ನಮ್ಮ ಮನೆಯವರ ತೋಳಿಗೂ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. 168/100 ಇತ್ತು. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿದಾಗ ಆಕೆಗೆ ಲೆಕ್ಕ ಹೇಳಲಾಗಲಿಲ್ಲ. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಲ್ಲ, ಅಷ್ಟು ಸಲ.

ವೈದ್ಯರು ಗುಳಿಗೆ ಬರೆದುಕೊಟ್ಟು ನಮ್ಮತ್ತ ತಿರುಗಿ, "ಗುಳಿಗಿ ನಾ ಕೊಡತೇನ್ರಿ, ನಿದ್ದಿ ನೀವು ಕೊಡಸಬೇಕು" ಎಂದರು. ಎರಡು ವರ್ಷ ನಾವು ಹಗಲು ಕಚೇರಿಗೆ ಹೋಗಿ, ರಾತ್ರಿ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗಿದ್ದೆವೆಂಬುದು ಅಂದು ನಮಗೆ ನಾಚಿಕೆಯನ್ನುಂಟುಮಾಡಿತು. ಅಂದಿನಿಂದ ರಾತ್ರಿಯ ಅರ್ಧ ಪಾಳಿ ನಮ್ಮದಾಯಿತು. ಆದರೂ ಆಕೆಯ ಕಿವಿ ನಿದ್ದೆಯಲ್ಲೂ ಮಾವನವರ ಕೋಣೆಯಲ್ಲೇ ಇರುತ್ತಿತ್ತು. ಮನೆಯಿಂದ ಹೊರಗೆ ಕರೆದೊಯ್ಯದೆ ಗತ್ಯಂತರವಿಲ್ಲವೆಂದು ತೋರಿತು.

ಮೊದಲ ಸಲ ತಪ್ಪಿದೆವು, ತಪ್ಪು ನಮ್ಮದೇ. ಗೋವೆಯ ಕಡಲತೀರದ ವಸತಿಗೃಹವೊಂದರಲ್ಲಿ ಕೋಣೆ ಹಿಡಿದು, ಬಂದದ್ದು ವ್ಯರ್ಥವಾಗಬಾರದೆಂದು ಒಂದೇ ದಿನದಲ್ಲಿ ನಾಲ್ಕು ದೇವಾಲಯ, ಎರಡು ತೀರ ಸುತ್ತಿದೆವು. ರಾತ್ರಿ ಎರಡರವರೆಗೆ ಪಕ್ಕದ ಅಂಗಳದ ಧ್ವನಿವರ್ಧಕ ಮಲಗಗೊಡಲಿಲ್ಲ. ಸೋಮವಾರ ಆಕೆ ಊದಿದ ಪಾದಗಳೊಡನೆ ಮನೆ ಸೇರಿದರು. ನೋಡುವುದು ಬೇರೆ, ವಿಶ್ರಮಿಸುವುದು ಬೇರೆ ಎಂಬ ಸರಳ ಸಂಗತಿ ನಮ್ಮ ಪ್ರವಾಸದ ಪಟ್ಟಿಯಲ್ಲಿ ಇರಲೇ ಇಲ್ಲ.

ಎರಡನೆಯ ಸಲ ನಾವು ಆರಿಸಿಕೊಂಡದ್ದು ಅದೇ ಗೋವೆಯ ದಿವಾಡಿ ದ್ವೀಪವನ್ನು. ನಕ್ಷೆಯಲ್ಲಿ ಅದನ್ನು ದಿವಾರ್ ಎಂದು ಬರೆದಿರುತ್ತಾರೆ. ಮಾಂಡೋವಿ ನದಿಯ ನಡುವೆ, ಹಳೆಯ ಗೋವೆಯ ಎದುರಿಗೇ ಇದೆ. ನಾವು ಹೋದಾಗ ಹಳೆಯ ಗೋವೆಯ ಕಡೆಯಿಂದ ಸೇತುವೆ ಇರಲಿಲ್ಲ. ವೈಸರಾಯ್ ಕಮಾನಿನ ಕೆಳಗೆ ಹಾದು ನದಿಗಿಳಿದರೆ ಫೆರಿ ದೋಣಿ ಸಿಗುತ್ತದೆ. ರಾಯಬಂದರದಿಂದಲೂ ಉತ್ತರದ ನಾರ್ವೆಯ ಕಡೆಯಿಂದಲೂ ದೋಣಿಗಳುಂಟು. ಕಾರು, ಮೋಟಾರು ಸೈಕಲ್ಲು, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲರನ್ನೂ ಹೊತ್ತು ಅದು ಕೆಲವೇ ನಿಮಿಷಗಳಲ್ಲಿ ಆಚೆ ದಡ ಮುಟ್ಟಿಸುತ್ತದೆ. ನಡೆದು ಬಂದವರಿಂದ ಹಣ ಕೇಳಲಿಲ್ಲ. ಆ ಕೆಲವು ನಿಮಿಷಗಳ ನೀರೇ ದೊಡ್ಡ ಗೋಡೆಯಂತೆ ಕೆಲಸ ಮಾಡುತ್ತದೆ: ಗದ್ದಲ ಬೇಕೆನ್ನುವವರು ಕಡಲತೀರಕ್ಕೆ ಹೋಗುತ್ತಾರೆ, ದೋಣಿಗಾಗಿ ಕಾಯುವುದಿಲ್ಲ.

ಧಾರವಾಡದಿಂದ ಅಳ್ನಾವರ, ಲೋಂಡಾ, ರಾಮನಗರ, ಅನಮೋಡ ಘಟ್ಟ, ಮೊಲ್ಲೆಮ್, ಪೋಂಡಾ ಮಾರ್ಗವಾಗಿ ಕಾರಿನಲ್ಲಿ ನಾಲ್ಕೈದು ತಾಸಿನ ದಾರಿ. ಘಟ್ಟದ ತಿರುವುಗಳಲ್ಲಿ ವಾಂತಿ ಬರುವವರು ಹೊಟ್ಟೆ ತುಂಬ ಉಣ್ಣದೆ, ಮುಂದಿನ ಆಸನದಲ್ಲಿ ಕುಳಿತು, ದೂರದ ರಸ್ತೆಯನ್ನು ನೋಡುತ್ತಿದ್ದರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಮೊಬೈಲು ನೋಡಿದರೆ ಕೆಡುತ್ತದೆ. ದಿನ ಆರಿಸುವಲ್ಲೂ ಸ್ವಲ್ಪ ವಿಚಾರ ಬೇಕು. ಎರಡನೆಯ ಶನಿವಾರ ರಜೆಯಿರುವುದರಿಂದ ನಾವು ಶುಕ್ರವಾರ ಮಧ್ಯಾಹ್ನವೇ ಹೊರಟೆವು. ಆಗಸ್ಟ್ ತಿಂಗಳ ನಾಲ್ಕನೆಯ ಶನಿವಾರ ದ್ವೀಪದಲ್ಲಿ ಬೊಂದೆರಾಂ ಎಂಬ ಬಾವುಟಗಳ ಹಬ್ಬ, ಡಿಸೆಂಬರ್ 3ರ ಸುಮಾರಿಗೆ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅವು ನೋಡತಕ್ಕವೇ, ಆದರೆ ನಿದ್ರೆಗೆಂದು ಹೋಗುವವರಿಗಲ್ಲ. ಮಳೆಗಾಲದಲ್ಲಿ ದ್ವೀಪ ಹಸಿರಾಗಿದ್ದರೂ ಘಟ್ಟದ ದಾರಿಯನ್ನು ನಂಬುವಂತಿಲ್ಲ. ನಾವು ಹೋದದ್ದು ಜನವರಿಯಲ್ಲಿ.

ಆದರೆ ನಿಜವಾದ ಸಿದ್ಧತೆ ನಡೆದದ್ದು ಮನೆಯಲ್ಲಿ. ಗದಗಿನಲ್ಲಿರುವ ನಮ್ಮ ತಂಗಿ ಬುಧವಾರವೇ ಬಂದಳು. "ವೈನಿ, ನೀವು ಸುಮ್ನ ಹೋಗಿ ಬರ್ರಿ, ಅಪ್ಪಾರು ನನಗೂ ಅಪ್ಪಾರ ಅಲ್ಲೇನು?" ಎಂದಳು. ಆ ಮಾತು ಸರಿಯೇ; ಆದರೆ ಪ್ರೀತಿಯಿದ್ದ ಮಾತ್ರಕ್ಕೆ ಆರೈಕೆಯ ಕ್ರಮ ತಿಳಿದುಬಿಡುವುದಿಲ್ಲ. ಎರಡು ದಿನ ಆಕೆ ವೈನಿಯ ಜೊತೆಗಿದ್ದು ಎಲ್ಲವನ್ನೂ ಕೈಯಾರೆ ಮಾಡಿ ಕಲಿತಳು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ನಮ್ಮ ಮನೆಯವರು ತಾಸುವಾರು ಬರೆದಿಟ್ಟರು: ಯಾವ ಗುಳಿಗೆ ಎಷ್ಟು ಹೊತ್ತಿಗೆ, ಯಾವುದು ಊಟಕ್ಕೆ ಮುಂಚೆ; ಗಂಜಿ ತೆಳ್ಳಗಾದರೆ ಶ್ವಾಸನಾಳಕ್ಕಿಳಿಯುವ ಭಯ, ಆದ್ದರಿಂದ ಚಮಚದಿಂದ ನಿಧಾನವಾಗಿ ಬೀಳುವಷ್ಟು ಗಟ್ಟಿ; ಉಣಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು, ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು; ಮಗ್ಗುಲು ಬದಲಿಸಿದ ಹೊತ್ತನ್ನು ಗುರುತು ಹಾಕಬೇಕು; ಜ್ವರ, ಏದುಸಿರು, ಮಂಪರು ಕಂಡರೆ ಕಾಯದೆ ವೈದ್ಯರಿಗೆ ಫೋನು. ಕೊನೆಯಲ್ಲಿ ಒಂದು ಸಾಲು: ಎಡಗೈಯಿಂದ ಎರಡು ಸಲ ಮಂಚ ತಟ್ಟಿದರೆ ಕಿಟಕಿ ತೆರೆಯಬೇಕೆಂದು ಅರ್ಥ. ಅದು ಆಕೆಗೆ ಮಾತ್ರ ತಿಳಿದಿತ್ತು. ಮಗನಾದ ನಮಗೂ ಗೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಆಕೆಯ ಮನಸ್ಸು ಹಿಂಜರಿಯಿತು. ಮುಖ ತೊಳೆದು ಸೀರೆಯುಟ್ಟವರು ತಂದೆಯವರ ಮಂಚದ ಬಳಿ ಕುಳಿತುಬಿಟ್ಟರು. ನಮ್ಮ ಗೈರುಹಾಜರಿಯಲ್ಲಿ ಏನಾದರೂ ಆದರೆ ಎಂಬ ಭಯ ಇಬ್ಬರಿಗೂ ಇತ್ತು. ಅದು ಬಾಯಿಗೆ ಬರಲಿಲ್ಲವಷ್ಟೆ. ತಂದೆಯವರು ಎಡಗೈ ಎತ್ತಿ ಬಾಗಿಲನ್ನು ತೋರಿಸಿದರು. ನೋಟುಬುಕ್ಕಿನಲ್ಲಿ ಆ ಸನ್ನೆ ಇರಲಿಲ್ಲ, ಆದರೆ ಎಲ್ಲರಿಗೂ ತಿಳಿಯಿತು.

ದ್ವೀಪದಲ್ಲಿ ಹಳೆಯ ಮನೆಗಳಲ್ಲಿಯೇ ಅತಿಥಿಗಳಿಗೆ ಕೋಣೆ ಕೊಡುವ ಕೆಲವರಿದ್ದಾರೆ. ಮೀನಿನೂಟದ ನಾಡಾದ್ದರಿಂದ ಸಸ್ಯಾಹಾರದ ವಿಷಯವನ್ನು ಮುಂಚಿತವಾಗಿಯೇ ಮಾತಾಡಿಕೊಂಡಿದ್ದೆವು. ಅನ್ನ, ತೊವ್ವೆ, ತೆಂಗಿನಕಾಯಿ ಹಾಕಿದ ಪಲ್ಯ ಮಾಡಿಕೊಟ್ಟರು. ಜೊತೆಗೆ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮ ಬುತ್ತಿಯಲ್ಲಿದ್ದವು. ರಕ್ತದೊತ್ತಡದವರು ಉಪ್ಪಿನಕಾಯಿ, ಹಪ್ಪಳಗಳನ್ನು ಊರಲ್ಲೇ ಬಿಟ್ಟು ಹೋಗುವುದೊಳ್ಳೆಯದು. ಪ್ರವಾಸದಲ್ಲಿ ಗುಳಿಗೆ ತಪ್ಪಿಸುವುದು ನಮ್ಮವರಲ್ಲಿ ಸಾಮಾನ್ಯ ರೂಢಿ. ಎರಡು ದಿನದ ಪ್ರಯಾಣಕ್ಕೆ ನಾಲ್ಕು ದಿನದ ಗುಳಿಗೆಯನ್ನು, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ಇದ್ದವರು ಅದನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಸಂಜೆ ಸೊಳ್ಳೆಗಳಿವೆ, ಪರದೆ ಕೇಳಿ ಪಡೆಯಿರಿ. ದ್ವೀಪದಲ್ಲಿ ದೊಡ್ಡ ಆಸ್ಪತ್ರೆಯಿಲ್ಲ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ನದಿಯಾಚೆ ಪಣಜಿಯ ಸಮೀಪದಲ್ಲಿದೆ. ಆದ್ದರಿಂದ ರಾತ್ರಿಯ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ತಲುಪಿದೊಡನೆ ಕೇಳಿಟ್ಟುಕೊಂಡೆವು. ಇತ್ತೀಚೆಗೆ ಹೃದಯಾಘಾತವೋ ಶಸ್ತ್ರಚಿಕಿತ್ಸೆಯೋ ಆದವರಿಗೆ ಇಂಥ ಜಾಗವನ್ನು ನಾವು ಸೂಚಿಸುವುದಿಲ್ಲ.

ಮೊದಲ ರಾತ್ರಿ ಆಕೆಗೆ ನಿದ್ದೆ ಬರಲಿಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿಯ ನಿದ್ರೆ ಹಗುರಾಗಿರುವುದು ಸಹಜ. ಮಿದುಳಿನ ಒಂದು ಭಾಗ ಕಾವಲಿಗೆ ಕುಳಿತಂತೆ ಎಚ್ಚರವಾಗಿರುತ್ತದೆಂದು ನಿದ್ರಾತಜ್ಞರು ಕಂಡುಕೊಂಡಿದ್ದಾರೆ. ಒಂದೇ ರಾತ್ರಿಯ ಪ್ರವಾಸ ಫಲಕೊಡದಿರುವುದು ಇದರಿಂದಲೇ. ಎರಡು ತಾಸಿಗೊಮ್ಮೆ ಎಚ್ಚರಾಗಿ ಆಕೆ ಎದ್ದು ಕುಳಿತರು, ಕತ್ತಲಲ್ಲಿ ಮಂಚದ ಅಂಚನ್ನು ತಡವಿದರು.

ಶನಿವಾರ ಎಂದಿನ ಹೊತ್ತಿಗೇ ಎದ್ದು ಸ್ನಾನ, ಇಷ್ಟಲಿಂಗಪೂಜೆ ಮುಗಿಸಿ ಹೊರಗೆ ನಡೆದೆವು. ಗದ್ದೆಗಳ ನಡುವಿನ ಏರಿಯ ದಾರಿ. ಉಬ್ಬರದ ಉಪ್ಪುನೀರನ್ನು ತಡೆಯಲು ಕಟ್ಟಿದ ಏರಿ, ನೀರನ್ನು ಬಿಡುವ ಮರದ ಬಾಗಿಲು, ಅಂಚಿಗೆ ಕಾಂಡ್ಲಾ ಗಿಡಗಳು. ಇಂಥ ಭೂಮಿಯನ್ನು ಇಲ್ಲಿ ಖಾಜನ ಎನ್ನುತ್ತಾರೆ. ನಮ್ಮ ಅಘನಾಶಿನಿಯ ದಡದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಬೆಳ್ಳಕ್ಕಿಗಳಿದ್ದವು. ಪಕ್ಕದ ಚೊಡಣ ದ್ವೀಪದಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆಯೆಂದು ತಿಳಿದಿದ್ದರೂ ನಾವು ಹೋಗಲಿಲ್ಲ. ಪಟ್ಟಿ ಮತ್ತೆ ಬೆಳೆಯುವುದು ಬೇಡವಾಗಿತ್ತು.

ಸಂಜೆ ಒಂದೇ ಒಂದು ಜಾಗಕ್ಕೆ, ಕೋಟಿತೀರ್ಥಕ್ಕೆ, ಹೋದೆವು. ಗೋವೆಯ ಕದಂಬ ಅರಸರ ಕುಲದೈವ ಸಪ್ತಕೋಟೇಶ್ವರನ ಮೂಲ ದೇವಾಲಯವಿದ್ದದ್ದು ಈ ದ್ವೀಪದಲ್ಲಿಯೇ. ಖಾನಾಪುರ ತಾಲೂಕಿನ ಹಲಸಿಯೂ ಅವರ ಆಳ್ವಿಕೆಯದು; ಕಿತ್ತೂರಿನ ಬಳಿಯ ದೇಗಾವಿಯ ಕಮಲನಾರಾಯಣ ಗುಡಿ ಅವರ ರಾಣಿ ಕಮಲಾದೇವಿ ಕಟ್ಟಿಸಿದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಯನ್ನು ಕೆಡವಿದಾಗ ಲಿಂಗವನ್ನು ನದಿ ದಾಟಿಸಿ ಆಚೆಯ ನಾರ್ವೆಯಲ್ಲಿ ಸ್ಥಾಪಿಸಲಾಯಿತು. 1668ರಲ್ಲಿ ಅಲ್ಲಿನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವರು ಶಿವಾಜಿ ಮಹಾರಾಜರು. ದ್ವೀಪದಲ್ಲಿ ಉಳಿದಿರುವುದು ಮೆಟ್ಟಿಲುಗಳ ಕೊಳ. ಗೋವೆಯ ಸರಕಾರಿ ಬಸ್ಸಿನ ಮೇಲೆ ಕದಂಬ ಎಂಬ ಹೆಸರನ್ನು ಓದುವಾಗಲೆಲ್ಲ ನಮಗೆ ಆಗುವ ಸಂತೋಷ ಸ್ವಲ್ಪ ಬಾಲಿಶವೇ ಇರಬಹುದು. ನಮ್ಮ ಮನೆಯವರು ಮೆಟ್ಟಿಲ ಮೇಲೆ ಕುಳಿತರು, ಅರ್ಧ ತಾಸು ಮಾತಾಡಲಿಲ್ಲ. ಫೋನು ಕೋಣೆಯಲ್ಲಿತ್ತು. ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ ತಂಗಿಯೇ ಕರೆಯಬೇಕು, ನಡುವೆ ನಾವು ಕರೆಯಬಾರದು ಎಂದು ಒಪ್ಪಂದವಾಗಿತ್ತು.

ಅಂದು ರಾತ್ರಿ ಒಂಬತ್ತೂವರೆಗೆ ಮಲಗಿದವರು ಬೆಳಗಿನ ಆರರವರೆಗೆ ಏಳಲಿಲ್ಲ. ಎಚ್ಚರವಾದೊಡನೆ ಗಾಬರಿಯಿಂದ ಗಡಿಯಾರ ನೋಡಿದರು. ಆಮೇಲೆ ಅತ್ತರು. ನಾವು ಏನೂ ಹೇಳದೆ ಚಹಾ ತಂದುಕೊಟ್ಟೆವು.

ಮರಳಿದ ಮೇಲೆ ಮಂಗಳವಾರ ರಕ್ತದೊತ್ತಡ 146/90 ಇತ್ತು. ಎರಡು ದಿನದ ಪ್ರವಾಸದಿಂದ ರೋಗ ಹೋಯಿತೆಂದು ಯಾರೂ ತಿಳಿಯಬಾರದು. ಅಷ್ಟರಲ್ಲಿ ಗುಳಿಗೆಯೂ ತನ್ನ ಕೆಲಸ ಮಾಡಿತ್ತು, ವೈದ್ಯರು ಅದನ್ನು ನಿಲ್ಲಿಸಲಿಲ್ಲ. ಮನೆಯಲ್ಲಿ ಬದಲಾದದ್ದು ಇಷ್ಟು: ವಾರಕ್ಕೆ ಎರಡು ರಾತ್ರಿ ಪೂರ್ತಿ ಪಾಳಿ ನಮ್ಮದು, ಆ ರಾತ್ರಿ ಆಕೆ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ.

ತಂಗಿ ನೋಟುಬುಕ್ಕನ್ನು ಹಿಂದಿರುಗಿಸುವಾಗ ಅದರಲ್ಲಿ ತಾನೂ ಒಂದು ಸಾಲು ಸೇರಿಸಿದ್ದಳು: ಮೂರು ಸಲ ತಟ್ಟಿದರೆ ರೇಡಿಯೋ. ಆಕೆಯ ಮನೆಯಲ್ಲಿಯೂ ಸೊಂಟ ಮುರಿದು ಮಲಗಿದ ಅತ್ತೆಯವರಿದ್ದಾರೆ. ಮುಂದಿನ ತಿಂಗಳ ಎರಡನೆಯ ಶನಿವಾರ ತಂಗಿಯೂ ಅಳಿಯಂದಿರೂ ದೋಣಿ ಹತ್ತುತ್ತಾರೆ; ನಮ್ಮ ಮನೆಯವರು ತಂದೆಯವರ ಬಳಿ ಇರುತ್ತಾರೆ, ನಾವು ಹೊಸ ನೋಟುಬುಕ್ಕು ಹಿಡಿದು ಗುರುವಾರವೇ ಗದಗಿಗೆ ಹೊರಡುವವರಿದ್ದೇವೆ.