ಅಂಗಡಿಗೆ ಹೆಸರಿಡುವ ಮುನ್ನ: ವ್ಯಾಪಾರ ಚಿಹ್ನೆಯ ಕಾನೂನು ಮತ್ತು ಚಿಲ್ಲರೆ ವರ್ತಕರು

ಹೊಸ ಮಳಿಗೆಯೊಂದನ್ನು ತೆರೆಯಲು ಮುಂದಾಗುವ ವರ್ತಕರು ಮುಂಗಡ ಠೇವಣಿ, ಬಾಡಿಗೆ ಕರಾರು, ಪೀಠೋಪಕರಣ, ದಾಸ್ತಾನು, ಬ್ಯಾಂಕಿನ ಸಾಲ ಇವೆಲ್ಲವನ್ನೂ ಪೈಸೆ ಪೈಸೆ ಲೆಕ್ಕ ಹಾಕಿ ನೋಡುತ್ತಾರೆ. ಮಳಿಗೆಯ ಹೆಸರು ಮಾತ್ರ ಬಹುಮಟ್ಟಿಗೆ ಆಹ್ವಾನಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ನಿಶ್ಚಯವಾಗುತ್ತದೆ. ಮನೆದೇವರ ಹೆಸರು, ಮಗಳ ಹೆಸರು ಅಥವಾ ಜ್ಯೋತಿಷಿಗಳು ಸೂಚಿಸಿದ ಅಕ್ಷರದ ಹೆಸರು ನಾಮಫಲಕಕ್ಕೆ ಏರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ವ್ಯಾಪಾರ ಕುದುರಿ ಎರಡು ಮೂರು ವರ್ಷಗಳಾದ ಮೇಲೆ, ಆ ಹೆಸರು ತಮ್ಮದೆಂದು ಇನ್ನೊಬ್ಬರಿಂದ ವಕೀಲರ ನೋಟೀಸು ಬಂದಾಗ ನಾಮಫಲಕ, ಕೈಚೀಲ, ಬಿಲ್ಲುಪುಸ್ತಕಗಳಷ್ಟೇ ವ್ಯರ್ಥವಾಗುವುದಿಲ್ಲ. ಗಿರಾಕಿಗಳ ಬಾಯಲ್ಲಿ ನೆಲೆಯೂರಿದ್ದ ಹೆಸರೇ ಕೈಬಿಟ್ಟುಹೋಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಆ ಅವಧಿಯಲ್ಲಿ ಗಳಿಸಿದ ಕೀರ್ತಿಮೌಲ್ಯವೆಲ್ಲ ನಷ್ಟದ ಬಾಬತ್ತಿಗೆ ಸೇರುತ್ತದೆ.

ವರ್ತಕರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ನಿವಾರಿಸಬೇಕಾಗಿದೆ. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ವ್ಯಾಪಾರ ನಾಮವೆಂದು ಮುದ್ರಿತವಾಗಿದೆ, ಉದ್ಯಮ್ ನೋಂದಣಿಯಾಗಿದೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ಪರವಾನಗಿ ದೊರೆತಿದೆ, ಆದುದರಿಂದ ಹೆಸರು ತಮ್ಮದೇ ಎಂಬುದು ಆ ತಿಳಿವಳಿಕೆ. ಈ ದಾಖಲೆಗಳು ತೆರಿಗೆ, ಸವಲತ್ತು ಮತ್ತು ಕಾರ್ಮಿಕ ಕಾನೂನುಗಳ ಉದ್ದೇಶಕ್ಕೆ ಮಾತ್ರ ಸಲ್ಲುತ್ತವೆ. ಅವುಗಳಲ್ಲಿ ಯಾವುದೂ ಹೆಸರಿನ ಮೇಲೆ ಒಡೆತನವನ್ನು ನೀಡುವುದಿಲ್ಲ. ಕಂಪೆನಿಯನ್ನು ಸ್ಥಾಪಿಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಕಂಪೆನಿಯ ಹೆಸರು ನೋಂದಾಯಿತ ಚಿಹ್ನೆಯನ್ನು ಹೋಲುತ್ತಿದ್ದರೆ, ಆ ಚಿಹ್ನೆಯ ಒಡೆಯರು ಕಂಪೆನಿ ಸ್ಥಾಪನೆಯಾದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಿದಲ್ಲಿ, ಹೆಸರು ಬದಲಿಸುವಂತೆ ನಿರ್ದೇಶಿಸಲು 2013ರ ಕಂಪೆನಿಗಳ ಅಧಿನಿಯಮದ ಕಲಂ 16 ಅವಕಾಶ ನೀಡುತ್ತದೆ.

2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ವ್ಯಾಪಾರ ಚಿಹ್ನೆಗಳ ಅಧಿನಿಯಮ 1999, ಅಂಗಡಿಯ ಹೆಸರನ್ನು ನೇರವಾಗಿ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಸದರಿ ಅಧಿನಿಯಮದ ಕಲಂ 29(5)ರ ಪ್ರಕಾರ, ಇನ್ನೊಬ್ಬರ ನೋಂದಾಯಿತ ಚಿಹ್ನೆಯನ್ನು ಅದೇ ಸರಕು ಅಥವಾ ಸೇವೆಯಲ್ಲಿ ವ್ಯವಹರಿಸುವ ತಮ್ಮ ಸಂಸ್ಥೆಯ ಹೆಸರಾಗಿ, ಅಥವಾ ಹೆಸರಿನ ಒಂದು ಭಾಗವಾಗಿ ಬಳಸುವುದೂ ಉಲ್ಲಂಘನೆಯೇ. ‘ಒಂದು ಭಾಗವಾಗಿ’ ಎಂಬ ಮಾತನ್ನು ವರ್ತಕರು ಅಡಿಗೆರೆ ಹಾಕಿ ಓದಿಕೊಳ್ಳಬೇಕು. ಹಿಂದೆ ‘ಶ್ರೀ’ ಎಂದೋ ಮುಂದೆ ‘ಎಂಟರ್‌ಪ್ರೈಸಸ್’ ಎಂದೋ ಸೇರಿಸಿದರೆ ಪಾರಾದಂತೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಿನ ಕಾಡುಗೋಡಿ ಹಾಗೂ ಪುಟ್ಟಪರ್ತಿಯಲ್ಲಿ ನಡೆಯುತ್ತಿದ್ದ ‘ಸಾಯಿ ರಿನೈಸಾನ್ಸ್’ ಹೋಟೆಲಿನ ಪ್ರಕರಣ ಇದಕ್ಕೆ ನಿದರ್ಶನ. ‘ರಿನೈಸಾನ್ಸ್’ ಎಂಬ ಚಿಹ್ನೆ ವಿದೇಶೀ ಹೋಟೆಲ್ ಸಮೂಹವೊಂದರ ಹೆಸರಿನಲ್ಲಿ ಭಾರತದಲ್ಲಿ ನೋಂದಣಿಯಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಸ್ಥಳೀಯ ಹೋಟೆಲಿನ ಪರವಾಗಿ ತೀರ್ಪಿತ್ತಿತ್ತಾದರೂ, ಸರ್ವೋಚ್ಚ ನ್ಯಾಯಾಲಯವು 2022ರ ಜನವರಿ 19ರಂದು ಅದನ್ನು ತಳ್ಳಿಹಾಕಿತು. ಚಿಹ್ನೆಯೂ ಸೇವೆಯೂ ಒಂದೇ ಆಗಿರುವಾಗ ಚಿಹ್ನೆಯ ಒಡೆಯರು ಭಾರತದಲ್ಲಿ ತಮಗಿರುವ ಖ್ಯಾತಿಯನ್ನು ಬೇರೆಯಾಗಿ ರುಜುವಾತುಪಡಿಸಬೇಕಾಗಿಲ್ಲ ಎಂಬುದು ಆ ತೀರ್ಪಿನ ತಿರುಳು. ಮುಂದೆ ಸೇರಿಸಿದ ‘ಸಾಯಿ’ ಎಂಬ ಪದ ಹೋಟೆಲಿನವರನ್ನು ಕಾಪಾಡಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಿಲ್ಲುವ, ಕನ್ನಡಿಗರಿಗೆಲ್ಲ ಪರಿಚಿತವಾದ ಹೆಸರುಗಳ ಪ್ರಕರಣವೂ ಒಂದಿದೆ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ ಎಂಬ ಹೆಸರಿನಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾರುತ್ತಿದೆ. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಂದಿನಿ ಡಿಲಕ್ಸ್’ ಉಪಾಹಾರಗೃಹಗಳು ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಅಕ್ಷರವನ್ನು ಹೆಚ್ಚಾಗಿ ಸೇರಿಸಿ ಅದೇ ಹೆಸರನ್ನು ಬಳಸಿದವು. ಆಹಾರ ಪದಾರ್ಥಗಳಿಗೆ ಈ ಹೆಸರನ್ನು ನೋಂದಾಯಿಸಲು ಅವು ಕೋರಿದಾಗ ಮಹಾಮಂಡಳವು ಆಕ್ಷೇಪಿಸಿತು. ನೋಂದಣಿ ಕಚೇರಿಯಲ್ಲಿ ಗೆದ್ದ ಉಪಾಹಾರಗೃಹದವರಿಗೆ ಅಂದಿನ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯಲ್ಲಿಯೂ ಆನಂತರ ಉಚ್ಚ ನ್ಯಾಯಾಲಯದಲ್ಲಿಯೂ ಸೋಲಾಯಿತು. ಅಂತಿಮವಾಗಿ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ನಿರ್ಣಯಿಸಿತು. ನಂದಿನಿ ಎಂಬುದು ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ, ಅದು ದೇವತೆಯ ಹಾಗೂ ಗೋವಿನ ಹೆಸರು. ಇಬ್ಬರ ಸರಕುಗಳೂ ಬೇರೆ, ಚಿಹ್ನೆಯ ಚಿತ್ರಗಳೂ ಬೇರೆ. ಸರಕುಗಳು ಒಂದೇ ವರ್ಗದಲ್ಲಿವೆ ಎಂಬ ಮಾತ್ರಕ್ಕೆ ನೋಂದಣಿಯನ್ನು ನಿರಾಕರಿಸಲಾಗದು ಎಂದಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಆ ನೋಂದಣಿ ಸಲ್ಲದೆಂದು ಗೆರೆ ಎಳೆಯಿತು.

ಗೆಲುವು ಗೆಲುವೇ ಸರಿ. ಆದರೆ ಸರ್ವೋಚ್ಚ ನ್ಯಾಯಾಲಯದವರೆಗೆ ವಕೀಲರನ್ನು ಸಾಕುವ ಶಕ್ತಿ ಎಷ್ಟು ಮಂದಿ ಚಿಲ್ಲರೆ ವರ್ತಕರಿಗಿದೆ ಎಂಬುದನ್ನೂ ಯೋಚಿಸಬೇಕು.

ಆ ಹೆಚ್ಚುವರಿ ‘ಎಚ್’ ಅಕ್ಷರದ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಇಮ್ಮಡಿಸಿ, ‘ಐ’ ಇದ್ದಲ್ಲಿ ‘ವೈ’ ಬರೆದು ಹೊಸ ಹೆಸರನ್ನು ಮಾಡಿಕೊಂಡೆವೆಂದು ಹಲವರು ಸಮಾಧಾನಪಡುತ್ತಾರೆ. 2024ರ ತಿದ್ದುಪಡಿಯ ತರುವಾಯ ನಾಮಫಲಕದ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಕನ್ನಡ ಲಿಪಿಯಲ್ಲಿ ಬರೆದೊಡನೆ ಇಂತಹ ವ್ಯತ್ಯಾಸಗಳು ಮಾಯವಾಗಿ ಎರಡು ಹೆಸರುಗಳೂ ಒಂದೇ ಆಗಿ ನಿಲ್ಲುತ್ತವೆ. ನ್ಯಾಯಾಲಯಗಳು ಕಣ್ಣಿಗಷ್ಟೇ ಅಲ್ಲ, ಕಿವಿಗೂ ಬೆಲೆ ಕೊಡುತ್ತವೆ. ಮದರಾಸಿನ ನಶ್ಯದ ವ್ಯಾಪಾರಿಗಳ ನಡುವಿನ ವ್ಯಾಜ್ಯದಲ್ಲಿ ‘ಶ್ರೀ ಅಂಬಾಳ್’ ಮತ್ತು ‘ಶ್ರೀ ಆಂಡಾಳ್’ ಎಂಬ ಹೆಸರುಗಳು ಉಚ್ಚಾರಣೆಯಲ್ಲಿ ಹೋಲುತ್ತವೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿಯೇ ತೀರ್ಮಾನಿಸಿ ಎರಡನೆಯದರ ನೋಂದಣಿಗೆ ಅವಕಾಶ ಕೊಡಲಿಲ್ಲ. ಒಬ್ಬಳು ಶಿವನ ಮಡದಿ, ಇನ್ನೊಬ್ಬಳು ವೈಷ್ಣವ ಭಕ್ತೆ ಎಂಬ ಅರ್ಥಭೇದ ನಶ್ಯ ಕೊಳ್ಳುವ ಎಲ್ಲ ಗಿರಾಕಿಗಳಿಗೂ ಹೊಳೆಯುವಂಥದ್ದಲ್ಲವಷ್ಟೆ.

ಹಾಗಾದರೆ ಎಂತಹ ಹೆಸರು ಉತ್ತಮ? ಸರಕಿನ ಗುಣ, ಜಾತಿ ಅಥವಾ ಊರನ್ನು ಮಾತ್ರ ಸೂಚಿಸುವ ಹೆಸರುಗಳಿಗೆ ಕಲಂ 9 ಅಡ್ಡಬರುತ್ತದೆ; ದೀರ್ಘಕಾಲದ ಬಳಕೆಯಿಂದ ವಿಶಿಷ್ಟತೆ ಪಡೆದಿದ್ದರೆ ಮಾತ್ರ ವಿನಾಯಿತಿ. ‘ಶುದ್ಧ ತುಪ್ಪ ಭಂಡಾರ’ ಎಂಬ ಫಲಕವನ್ನು ನೋಡಿದ ಗಿರಾಕಿಗೆ ಒಳಗೆ ಏನಿದೆಯೆಂದು ತಿಳಿಯುತ್ತದೆ, ನಿಜ. ಆದರೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅದೇ ಫಲಕ ಹಾಕಿದರೆ ತಡೆಯುವುದು ಬಹಳ ಕಷ್ಟ. ದೇವರ ಹೆಸರಿನ ಪಾಡೂ ಹೆಚ್ಚುಕಡಿಮೆ ಇದೇ. ಅಗರಬತ್ತಿಗೆ ‘ರಾಮಾಯಣ’ ಎಂಬ ಪದವನ್ನು ಏಕಸ್ವಾಮ್ಯವಾಗಿ ಪಡೆಯಲು ಯತ್ನಿಸಿದ ಪಟ್ನಾದ ವರ್ತಕರಿಗೆ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಧರ್ಮಗ್ರಂಥದ ಹೆಸರು ಯಾರೊಬ್ಬರ ಸ್ವತ್ತಲ್ಲವೆಂದು ಹೇಳಿತು. ಬೇರೆ ಪದವನ್ನೋ ವಿನ್ಯಾಸವನ್ನೋ ಕೂಡಿಸಿ ವಿಶಿಷ್ಟವಾಗಿಸಿದರೆ ಅಡ್ಡಿಯಿಲ್ಲವೆಂದೂ ಸೂಚಿಸಿತು. ಮನೆದೇವರ ಹೆಸರನ್ನು ಇಡಲೇಬೇಕೆನ್ನುವವರು ಈ ಮಾರ್ಗವನ್ನು ಅನುಸರಿಸಬಹುದು. ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ ಕಲಂ 35 ರಕ್ಷಣೆ ಕೊಡುತ್ತದೆಯಾದರೂ, ಖ್ಯಾತ ಹೆಸರಿನ ನೆರಳಿನಲ್ಲಿ ವ್ಯಾಪಾರ ಮಾಡುವ ಉದ್ದೇಶ ಕಂಡುಬಂದರೆ ಆ ರಕ್ಷಣೆ ಉಳಿಯದು.

ಹೆಸರು ಆಯ್ದ ಮೇಲೆ ಶೋಧನೆ. ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ಜಾಲತಾಣದಲ್ಲಿ ಪದದ ಆಧಾರದ ಮೇಲೂ ಉಚ್ಚಾರಣೆಯ ಆಧಾರದ ಮೇಲೂ ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕಬಹುದು. ಚಿಲ್ಲರೆ ಮಾರಾಟ ಸೇವೆಗೆ ವರ್ಗ 35 ಸಲ್ಲುತ್ತದೆ. ಆದರೆ ಕಿರಾಣಿ ವರ್ತಕರು ತಮ್ಮದೇ ಹೆಸರಿನಲ್ಲಿ ಸಾಂಬಾರಪುಡಿ, ಕಾಫಿಪುಡಿಯ ಪೊಟ್ಟಣ ಮಾರಲು ತೊಡಗಿದರೆ ವರ್ಗ 30, ತುಪ್ಪಕ್ಕೆ 29, ಸಿದ್ಧ ಉಡುಪಿಗೆ 25, ಆಭರಣಕ್ಕೆ 14, ಉಪಾಹಾರಗೃಹಕ್ಕೆ 43 ಹೀಗೆ ಬೇರೆ ಬೇರೆ ವರ್ಗಗಳನ್ನೂ ನೋಡಬೇಕು.

ಶೋಧನೆ ಜಾಲತಾಣದಲ್ಲಿಯೇ ಮುಗಿಯಬಾರದು. ನೋಂದಣಿಯಿಲ್ಲದೆ ಹಿಂದಿನಿಂದ ಹೆಸರನ್ನು ಬಳಸುತ್ತ ಬಂದವರಿಗೆ ಕಲಂ 34 ಹಾಗೂ ಕಲಂ 27(2) ರಕ್ಷಣೆ ನೀಡುತ್ತವೆ. ತಿರುನೆಲ್ವೇಲಿಯ ‘ಇರುಟ್ಟುಕ್ಕಡೈ ಹಲ್ವ’ದ ಪ್ರಕರಣದಲ್ಲಿ ಎರಡೂ ಕಡೆಯವರು ನೋಂದಣಿಯನ್ನು ಮುಂದಿಟ್ಟಿದ್ದರು. ಮೊದಲು ಬಳಸಿದವರ ಹಕ್ಕು ನೋಂದಣಿಗಿಂತಲೂ ಮೇಲೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಆ ಹೆಸರಿನ ಅರ್ಥ ಕತ್ತಲೆಯ ಅಂಗಡಿ. ಮಂದ ಬೆಳಕಿನ ಹಳೆಯ ಮಿಠಾಯಿ ಅಂಗಡಿಗೆ ಗಿರಾಕಿಗಳೇ ಇಟ್ಟ ಹೆಸರು ಅಷ್ಟು ಬೆಲೆಬಾಳುವಂತಾಯಿತು. ಆದುದರಿಂದ ಹೆಸರಿಡುವವರು ತಮ್ಮ ಊರಿನ ಪೇಟೆಯನ್ನೂ ಸುತ್ತಮುತ್ತಲ ಜಿಲ್ಲೆಗಳನ್ನೂ ವಿಚಾರಿಸಬೇಕು. ಹಳೆಯ ಹೆಸರಿರುವವರು ಮೊದಲ ವರ್ಷಗಳ ಬಿಲ್ಲು, ಜಾಹೀರಾತು, ತೆರಿಗೆ ವಿವರಣಪಟ್ಟಿಗಳನ್ನು ರದ್ದಿಗೆ ಹಾಕಬಾರದು. ತೆರಿಗೆಯ ಲೆಕ್ಕಕ್ಕೆ ಅವಧಿ ಮುಗಿದ ಕಡತವೂ ಹೆಸರಿನ ಹಕ್ಕಿಗೆ ಸಾಕ್ಷಿಯಾಗಬಲ್ಲದು. 2017ರ ನಿಯಮಗಳ ಮೇರೆಗೆ ಹಿಂದಿನ ಬಳಕೆಯನ್ನು ಪ್ರತಿಪಾದಿಸುವವರು ದಾಖಲೆಗಳೊಡನೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕಾಗುತ್ತದೆ.

ಅರ್ಜಿಗೆ ಅಂಗಡಿ ತೆರೆಯುವವರೆಗೆ ಕಾಯಬೇಕಿಲ್ಲ. ‘ಬಳಸಲು ಉದ್ದೇಶಿಸಿದ’ ಚಿಹ್ನೆಯೆಂದೂ ಸಲ್ಲಿಸಬಹುದು. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದೆ. 2017ರ ನಿಯಮಗಳಂತೆ ವ್ಯಕ್ತಿಗಳಿಗೆ, ನವೋದ್ಯಮಗಳಿಗೆ ಹಾಗೂ ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ ರೂ. 4,500, ಉಳಿದವರಿಗೆ ರೂ. 9,000. ಪ್ರಕಟಣೆಯಾದ ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧ ಸಲ್ಲಿಸಬಹುದು. ನೋಂದಣಿಯಾದಾಗ ಅದು ಅರ್ಜಿಯ ದಿನಾಂಕದಿಂದಲೇ ಹತ್ತು ವರ್ಷ ಊರ್ಜಿತ, ಆಮೇಲೆ ನವೀಕರಣ. ಕನ್ನಡ ಲಿಪಿಯ ಚಿಹ್ನೆಗೆ ಲಿಪ್ಯಂತರ ಮತ್ತು ಅನುವಾದ ಲಗತ್ತಿಸಬೇಕು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಗೆ ಮುನ್ನ ಬಳಸುವುದು ದಂಡಾರ್ಹ; ‘ಟಿಎಂ’ ಎಂದು ಬರೆಯಲು ಅಡ್ಡಿಯಿಲ್ಲ.

ಕೊನೆಯದಾಗಿ, ಅರ್ಜಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ. ಅಣ್ಣತಮ್ಮಂದಿರು ಪಾಲುದಾರರಾಗಿರುವ ಅಂಗಡಿಯಲ್ಲಿ ಓಡಾಟ ಮಾಡುವ ತಮ್ಮನ ಹೆಸರಿಗೆ ಚಿಹ್ನೆ ನೋಂದಣಿಯಾಗುತ್ತದೆ, ಖರ್ಚು ಮಾತ್ರ ಸಂಸ್ಥೆಯ ಪುಸ್ತಕದಲ್ಲಿರುತ್ತದೆ. 1932ರ ಪಾಲುದಾರಿಕೆ ಅಧಿನಿಯಮದ ಕಲಂ 14ರಂತೆ ಕೀರ್ತಿಮೌಲ್ಯವು ಸಂಸ್ಥೆಯ ಆಸ್ತಿ. ಪಾಲುದಾರಿಕೆ ಮುಗಿದಾಗ ಲೆಕ್ಕ ಇತ್ಯರ್ಥವಾಗುವವರೆಗೆ ಅದೇ ಹೆಸರಿನಲ್ಲಿ ಅಂಥದೇ ವ್ಯಾಪಾರ ಮಾಡದಂತೆ ಇನ್ನೊಬ್ಬ ಪಾಲುದಾರನನ್ನು ತಡೆಯಲು ಕಲಂ 53 ಅವಕಾಶ ಕೊಡುತ್ತದೆ, ಬೇರೆ ಕರಾರು ಇಲ್ಲದಿದ್ದಲ್ಲಿ. ಇತ್ಯರ್ಥವಾದ ಮೇಲೆ ಹೆಸರು ಯಾರಿಗೆ ಎಂಬುದಕ್ಕೆ ಪಾಲುದಾರಿಕೆ ಪತ್ರವೇ ಉತ್ತರ ಹೇಳಬೇಕು. ಲಾಭದ ಪ್ರಮಾಣ, ಬಂಡವಾಳದ ಬಡ್ಡಿ, ಸಂಬಳಗಳ ಬಗ್ಗೆ ಪುಟಗಟ್ಟಲೆ ಬರೆದಿರುವ ಎಷ್ಟೋ ಪತ್ರಗಳಲ್ಲಿ ಹೆಸರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆ ಸಾಲನ್ನು ಸೇರಿಸಲು ತಿದ್ದುಪಡಿ ಪತ್ರವೊಂದು ಸಾಕು. ಎಲ್ಲರೂ ಒಂದೇ ಮನೆಯಲ್ಲಿ ಉಣ್ಣುತ್ತಿರುವಾಗಲೇ ಅದಕ್ಕೆ ಸಹಿ ಬೀಳುವುದು ಸುಲಭ.