ಮಕ್ಕಳ ಇಂಗ್ಲಿಷ್ ಪದಗಳು: ಬಾಯಿಪಾಠವಾದರೆ ಕಲಿತಂತಾಯಿತೇ?

ಪ್ರತಿವರ್ಷ ಶಾಲೆ ತೆರೆದು ಮೊದಲ ಕಿರುಪರೀಕ್ಷೆ ಮುಗಿಯುವ ಹೊತ್ತಿಗೆ ಹೆತ್ತವರು ಧರ್ಮಗುರುಗಳ ನಿವಾಸಕ್ಕೆ ಒಂದೇ ದೂರು ತರುತ್ತಾರೆ: "ಫಾದರ್, ಮಗು ಇಂಗ್ಲಿಷ್ ಶಬ್ದಗಳನ್ನು ರಾತ್ರಿ ಬಾಯಿಪಾಠ ಹೇಳುತ್ತದೆ, ಬೆಳಿಗ್ಗೆ ಎದ್ದರೆ ಒಂದೂ ನೆನಪಿಲ್ಲ." ಕಳೆದ ಮಳೆಗಾಲದಲ್ಲಿ ಬಂದ ತಾಯಿಯೊಬ್ಬರು ಮಗಳ ನೋಟ್‌ಪುಸ್ತಕವನ್ನೇ ತಂದಿದ್ದರು. ಹುಡುಗಿ ಐದನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಆರನೆಯದಕ್ಕೆ ಆಂಗ್ಲ ಮಾಧ್ಯಮಕ್ಕೆ ಸೇರಿದವಳು. ದಿನಕ್ಕೆ ಹತ್ತು ಪದ, ಒಂದೊಂದನ್ನೂ ಐದೈದು ಸಲ ಅಂದವಾಗಿ ಬರೆದಿದ್ದಳು. ಡಿಕ್ಟೇಶನ್‌ನಲ್ಲಿ ಹತ್ತಕ್ಕೆ ಒಂಬತ್ತು. ನಾವು ಪಟ್ಟಿಯಿಂದ 'ಶೆಲ್ಟರ್' ಎಂಬ ಪದವನ್ನು ಆರಿಸಿ ಕೇಳಿದೆವು. ಸ್ಪೆಲ್ಲಿಂಗ್ ತಪ್ಪಿಲ್ಲದೆ ಹೇಳಿದಳು. ಅರ್ಥ ಕೇಳಿದಾಗ "ಆಶ್ರಯ" ಎಂದಳು. ಆಶ್ರಯವೆಂದರೇನು ಎಂದು ಕೇಳಿದಾಗ ತಾಯಿಯ ಮುಖ ನೋಡಿದಳು. ಹೊರಗೆ ಜೋರು ಮಳೆ. ಎದುರಿನ ಬಸ್ ನಿಲ್ದಾಣದ ಮಾಡಿನಡಿ ಏಳೆಂಟು ಜನ ಒತ್ತೊತ್ತಾಗಿ ನಿಂತಿದ್ದರು.

ಆ ಹುಡುಗಿಯ ನೆನಪುಶಕ್ತಿಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ಕಲಿಯುತ್ತಿದ್ದ ಕ್ರಮ ಹಾಗಿತ್ತು, ಅಷ್ಟೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಮರೆವಿನ ಬಗ್ಗೆ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದರು. ಅವರು ಬಾಯಿಪಾಠ ಮಾಡಿದ್ದು ಬೇಕೆಂದೇ ಕಟ್ಟಿದ, ಅರ್ಥವೇ ಇಲ್ಲದ ಅಕ್ಷರಗಳ ಗುಂಪುಗಳನ್ನು. ಒಂದು ದಿನ ಕಳೆಯುವಷ್ಟರಲ್ಲಿ ಕಲಿಯಲು ಪಟ್ಟ ಶ್ರಮದ ಸುಮಾರು ಮೂರನೇ ಎರಡು ಭಾಗ ವ್ಯರ್ಥವಾಗಿತ್ತು. ಅರ್ಥವಿರುವುದನ್ನು ಕಲಿತಾಗ ಮರೆವು ಇಷ್ಟು ಬೇಗ ಬರುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ನಮ್ಮ ಮಕ್ಕಳು ಅರ್ಥ ತಿಳಿಯದ ಇಂಗ್ಲಿಷ್ ಪದವನ್ನು ಅರ್ಥ ತಿಳಿಯದ ಕನ್ನಡ ಪದದೊಂದಿಗೆ ಜೋಡಿಸಿ ಐದು ಸಲ ಬರೆಯುವಾಗ ಆ ಜರ್ಮನ್ ಪಂಡಿತರ ಪ್ರಯೋಗವನ್ನೇ ಪುನಃ ಮಾಡುತ್ತಿರುತ್ತಾರೆ. ಫಲಿತಾಂಶವೂ ಅದೇ.

ಹಾಗಾದರೆ ಒಂದು ಪದ 'ಬರುತ್ತದೆ' ಎಂದು ಯಾವಾಗ ಹೇಳಬಹುದು? ಅದರ ಉಚ್ಚಾರ, ಬರವಣಿಗೆ, ಅರ್ಥ ಇವು ಮೂರೂ ಬೇಕು, ನಿಜ. ಅದರ ಜೊತೆಗೆ ಆ ಪದ ಯಾವ ಪದಗಳ ಸಂಗಡ ನಿಲ್ಲುತ್ತದೆ ಎಂಬುದೂ ಗೊತ್ತಿರಬೇಕು. ನಮ್ಮ ಕರಾವಳಿಯ 'ಜೋರು' ಎಂಬ ಪದವನ್ನೇ ತೆಗೆದುಕೊಳ್ಳಿ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು, ಪಕ್ಕದ ಮನೆಯ ರೇಡಿಯೋ ಕೂಡ ಜೋರು. ಕೆಲವು ಅತ್ತೆಯರೂ ಜೋರು. ಇಂಗ್ಲಿಷ್‌ನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಜ್ವರ 'ಹೈ', ರೇಡಿಯೋ 'ಲೌಡ್'. ಈ ನಾಲ್ಕು ಪದಗಳಿಗೂ ಬೇರೆ ಬೇರೆ ಅರ್ಥ ಬರೆದು ಬಾಯಿಪಾಠ ಮಾಡಿದ ಮಗು ಮಳೆಗೆ 'ಸ್ಟ್ರಾಂಗ್' ಎಂದು ಬರೆದರೆ ಆಶ್ಚರ್ಯವೇನು? 'ಹೆವಿ ರೇನ್' ಎಂದು ಎರಡು ಪದ ಒಟ್ಟಿಗೇ ಕಲಿತ ಮಗುವಿಗೆ ಈ ತೊಂದರೆಯಿಲ್ಲ.

ಈ ಪಾಠವನ್ನು ನಾವು ಕಲಿತದ್ದು ಸೆಮಿನರಿಯಲ್ಲಿ, ಸ್ವಲ್ಪ ನಾಚಿಕೆಪಟ್ಟುಕೊಂಡು. ಕನ್ನಡ ಮಾಧ್ಯಮದಿಂದ ಹೋದ ನಮಗೆ ಅಲ್ಲಿ ಎಲ್ಲವೂ ಇಂಗ್ಲಿಷ್. ಹಟದಿಂದ ನಿಘಂಟನ್ನು ಮೊದಲ ಪುಟದಿಂದಲೇ ಬಾಯಿಪಾಠ ಮಾಡಲು ಹೊರಟೆವು. 'ಎ' ಅಕ್ಷರದ ಆರಂಭದಲ್ಲೇ 'ಅಬಾಂಡನ್' ಸಿಕ್ಕಿತು, ಅರ್ಥ 'ಬಿಟ್ಟುಬಿಡು'. ಆ ವಾರದ ಪ್ರಬಂಧದಲ್ಲಿ, ತಂದೆತಾಯಿಯನ್ನು ಮನೆಯಲ್ಲಿ ಬಿಟ್ಟು ಸೆಮಿನರಿಗೆ ಬಂದೆ ಎನ್ನಲು ಅದೇ ಪದ ಬಳಸಿದೆವು. ಪ್ರಾಧ್ಯಾಪಕರು ತರಗತಿಯ ನಂತರ ಕರೆದು, "ಮನೆಯಲ್ಲಿ ಏನಾದರೂ ಜಗಳವೇ?" ಎಂದು ಕಳಕಳಿಯಿಂದ ವಿಚಾರಿಸಿದರು. ನಿರ್ಗತಿಕರನ್ನಾಗಿ ಮಾಡಿ ಕೈಬಿಡುವುದು ಎಂಬ ಛಾಯೆ ಆ ಪದಕ್ಕಿದೆ ಎಂದು ನಿಘಂಟು ನಮಗೆ ಹೇಳಿರಲಿಲ್ಲ. ಪಟ್ಟಿಯಿಂದ ಕಲಿತ ಪದಗಳಲ್ಲಿ ನಮಗೆ ಇಂದಿಗೂ ಮರೆಯದೆ ಉಳಿದಿರುವುದು ಬಹುಶಃ ಅದೊಂದೇ.

ಎಷ್ಟು ಪದ ಬೇಕು ಎಂಬ ಪ್ರಶ್ನೆಯೂ ಇದೆ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ ಎಂಬವರು ಅಲ್ಲಿನ ಹುಡುಗರು ಇಂಗ್ಲಿಷ್ ಪಾಠಪುಸ್ತಕದಲ್ಲಿ ಏಕೆ ಸೋಲುತ್ತಾರೆ ಎಂದು ಪರಿಶೀಲಿಸಿದರು. ಪುಸ್ತಕದಲ್ಲಿ ಅಪರೂಪದ ಪದಗಳು ತುಂಬಿದ್ದವು, ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು, ಒಮ್ಮೆ ಬಂದ ಪದ ಮತ್ತೆ ಸುಲಭವಾಗಿ ಬರುತ್ತಿರಲಿಲ್ಲ. ಅವರು ಪಾಠಗಳನ್ನು ಸರಳಗೊಳಿಸಿ ಬರೆದರು. ಮುಂದೆ 1953ರಲ್ಲಿ ಅತಿ ಹೆಚ್ಚು ಬಳಕೆಯ ಸುಮಾರು 2,000 ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟು ಪದಗಳು ಆ ಪಟ್ಟಿಯೊಳಗೇ ಇವೆ. ಆದರೆ ಇಂಗ್ಲಿಷ್ ಕಾದಂಬರಿಯನ್ನೋ ಪತ್ರಿಕೆಯನ್ನೋ ನಿಘಂಟಿಲ್ಲದೆ ಓದಬೇಕಾದರೆ ಎಂಟು-ಒಂಬತ್ತು ಸಾವಿರ ಮೂಲಪದಗಳು ಬೇಕಾಗುತ್ತವೆ ಎಂದು ನ್ಯೂಜಿಲೆಂಡಿನ ಪಾಲ್ ನೇಶನ್ ಎಂಬ ಭಾಷಾತಜ್ಞರು 2006ರಲ್ಲಿ ಲೆಕ್ಕಹಾಕಿದರು. ಇಷ್ಟನ್ನು ಯಾವ ಟೀಚರೂ ಕರಿಹಲಗೆಯ ಮೇಲೆ ಬರೆದು ಕಲಿಸಲಾರರು. ಮೊದಲ ಎರಡು ಸಾವಿರವನ್ನು ಶಾಲೆ ಗಟ್ಟಿಮಾಡಿಸಬಹುದು. ಉಳಿದದ್ದು ಕಥೆ ಓದಿ, ಕೇಳಿ, ಅದೇ ಪದವನ್ನು ಬೇರೆ ಬೇರೆ ಕಡೆ ಮತ್ತೆ ಮತ್ತೆ ಕಂಡು ಬರಬೇಕಾದದ್ದು.

ಸ್ಪೆಲ್ಲಿಂಗ್ ವಿಷಯದಲ್ಲಿ ಮಕ್ಕಳ ಸಿಟ್ಟು ನ್ಯಾಯವಾದುದೇ. ಕನ್ನಡದಲ್ಲಿ ಹೇಳಿದಂತೆ ಬರೆಯುವ ಮಗುವಿಗೆ 'ನೈಫ್' ಪದದ ಮುಂದೆ ಒಂದು 'ಕೆ' ಸುಮ್ಮನೆ ಏಕೆ ಕುಳಿತಿದೆ ಎಂದು ಕೇಳುವ ಹಕ್ಕಿದೆ. "ಅದು ಹಾಗೆಯೇ, ಕಲಿ" ಎಂಬ ಉತ್ತರಕ್ಕಿಂತ ನಿಜವನ್ನೇ ಹೇಳಬಹುದು: ಒಂದು ಕಾಲದಲ್ಲಿ ಇಂಗ್ಲಿಷರು ಆ 'ಕೆ'ಯನ್ನು ಉಚ್ಚರಿಸುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಬರವಣಿಗೆ ಕ್ರಮೇಣ ಗಟ್ಟಿಯಾಗುತ್ತಾ ಬಂತು, ನಾಲಿಗೆ ಮಾತ್ರ ಬದಲಾಗುತ್ತಾ ಹೋಯಿತು. ಕಾರಣ ತಿಳಿದರೆ ಸ್ಪೆಲ್ಲಿಂಗ್ ಸುಲಭವಾಗಿಬಿಡುವುದಿಲ್ಲ. ಆದರೆ ತಾನು ದಡ್ಡ ಎಂಬ ಭಾವನೆ ಮಗುವಿನಿಂದ ಹೋಗುತ್ತದೆ.

ಇನ್ನು ನಮಗೆ ನಿಜವಾಗಿ ಚಿಂತೆಯ ವಿಷಯ. ಆ ತಾಯಿ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಎಂದು ಶಾಲೆಯಿಂದ ಸೂಚನೆ ಬಂದಿತ್ತಂತೆ. ಅವರು ಏಳನೇ ತರಗತಿ ಓದಿದವರು. "ಕಮ್, ಈಟ್, ಸ್ಲೀಪ್ ಮುಗಿದ ಮೇಲೆ ಮಾತೇ ಇಲ್ಲ ಫಾದರ್" ಎಂದರು. ಅಜ್ಜಿಗೆ ಕೊಂಕಣಿ ಬಿಟ್ಟು ಬೇರೇನೂ ಬಾರದು. ಆದುದರಿಂದ ಹುಡುಗಿ ಅಜ್ಜಿಯೊಂದಿಗೆ ಮಾತು ಕಡಿಮೆ ಮಾಡಿದ್ದಳು. ಇಂತಹ ಮನೆಗಳನ್ನು ನಾವು ವಾಳೆಗಳ ಭೇಟಿಯಲ್ಲಿ ಕಂಡಿದ್ದೇವೆ. ಹೆತ್ತವರ ಉದ್ದೇಶ ಒಳ್ಳೆಯದೇ. ಆದರೆ ಪದವೆಂಬುದು ಅರ್ಥಕ್ಕೆ ಅಂಟಿಸುವ ಚೀಟಿ. ಅಂಟಿಸಲು ಅರ್ಥ ಒಳಗಿರಬೇಕು. ಅಂಗಳದಲ್ಲಿ ಮೀನು ಒಣಗಿಸುವಾಗ ನೀರು ಎಲ್ಲಿ ಹೋಯಿತು ಎಂದು ಅಜ್ಜಿಯನ್ನು ಕೇಳಿ ಉತ್ತರ ಪಡೆದ ಮಗುವಿಗೆ 'ಇವಾಪೊರೇಶನ್' ಒಂದು ಹೊಸ ಹೆಸರು ಮಾತ್ರ. ಅಂತಹ ಮಾತುಕತೆಯೇ ಇಲ್ಲದ ಮನೆಯ ಮಗು ಹೆಸರನ್ನೂ ವಿಷಯವನ್ನೂ ಒಟ್ಟಿಗೆ, ಅದೂ ತಿಳಿಯದ ಭಾಷೆಯಲ್ಲಿ, ಕಲಿಯಬೇಕು. ಮನೆಮಾತಿನಲ್ಲಿ ಧಾರಾಳವಾಗಿ ಮಾತಾಡುವ ತಾಯಿ ಮಗುವಿನ ಇಂಗ್ಲಿಷಿಗೆ ಅಡ್ಡಿಯಲ್ಲ; ಅದಕ್ಕೆ ಬೇಕಾದ ಮಣ್ಣನ್ನು ಹದ ಮಾಡುವವಳು ಅವಳೇ.

ನಮ್ಮ ಮಕ್ಕಳ ಬಳಿ ಈಗಾಗಲೇ ಇರುವ ಬಂಡವಾಳವೂ ಸಣ್ಣದಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕೊಂಕಣಿಯ 'ಇಸ್ಕೊಲ್' ಪೋರ್ಚುಗೀಸರಿಂದ ಬಂದದ್ದು. ಅದೂ ಇಂಗ್ಲಿಷಿನ 'ಸ್ಕೂಲ್' ಪದವೂ ಒಂದೇ ಲ್ಯಾಟಿನ್ ಮೂಲದವು. ಇಂಗ್ಲಿಷಿನ 'ಟೀಕ್', 'ಜಾಕ್‌ಫ್ರೂಟ್' ಪದಗಳಲ್ಲಿ ಮಲಯಾಳದ ತೇಕ್ಕು, ಚಕ್ಕ ಅಡಗಿವೆ. ಅವು ಪೋರ್ಚುಗೀಸರ ಬಾಯಿ ಹಾದು ಹೋದವು. 'ಕಾಯರ್' ಕೂಡ ಮಲಯಾಳದಿಂದ ಹೋದದ್ದೇ. ಹೀಗೆ ಹೇಳಿದಾಗ ಧರ್ಮೋಪದೇಶ ತರಗತಿಯ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುವುದನ್ನು ಕಂಡಿದ್ದೇವೆ.

ಒಂದು ಭಾಷೆಯ ಪದವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. ಇಟಲಿಯ ಜೆಸುಯಿಟ್ ಗುರು ಮಾಫೇಯಿಯವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಹೊರತಂದರು. ಮೆನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಎಲ್ಲವೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದವು. ಪರದೇಶದ ಆ ಪಂಡಿತರು ನಮ್ಮ ಹಿರಿಯರ ಮನೆಮಾತನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದ್ದಾರೆ. ನಾವು ಅದನ್ನು ಮಕ್ಕಳ ಓದಿಗೆ ಅಡ್ಡಿಯೆಂದು ಬದಿಗಿಡುತ್ತಿದ್ದೇವೆ.

ಸರಕಾರದ ನೀತಿಗಳು ಅತ್ತಿತ್ತ ಓಲಾಡಿವೆ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ಸಾಧ್ಯವಿರುವಲ್ಲಿ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಮಾಧ್ಯಮದ ವಾದ ನಡೆಯುತ್ತಿರಲಿ. ಸಂಜೆ ಆರು ಗಂಟೆಗೆ ನೋಟ್‌ಪುಸ್ತಕ ಬಿಡಿಸಿ ಕೂರುವ ಮಗುವಿಗೆ ಅದರಿಂದ ಸಹಾಯವಿಲ್ಲ.

ಆ ಮಗುವಿಗೆ ಮನೆಯವರು ಮಾಡಬಹುದಾದದ್ದು ಕಷ್ಟದ್ದಲ್ಲ. ಹತ್ತು ಪದದ ಬದಲು ನಾಲ್ಕೈದು ಸಾಕು. ಐದು ಸಲ ಬರೆಯಿಸುವ ಬದಲು ಪುಸ್ತಕ ಮುಚ್ಚಿ ಕೇಳಿ: ಇಂದು, ನಾಳೆ, ಮೂರು ದಿನ ಬಿಟ್ಟು, ಮುಂದಿನ ಭಾನುವಾರ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ. "ಇದು ಏನು, ನನಗೆ ನಮ್ಮ ಭಾಷೆಯಲ್ಲಿ ಹೇಳು" ಎಂದು ಕೇಳಿದರೆ ಮಗುವೇ ಟೀಚರ್ ಆಗುತ್ತದೆ. ಬಳಿಕ ಆ ಪದ ಹಾಕಿ ಮನೆಯ ಬಗ್ಗೆಯೇ ಒಂದು ವಾಕ್ಯ ಮಾಡಲಿ. ಪುಸ್ತಕದ ವಾಕ್ಯ ಬೇಡ. ಕಾಲೇಜು ಓದುವ ಯುವಜನರು ಭಾನುವಾರ ಅರ್ಧ ಗಂಟೆ ಚಿಕ್ಕವರಿಗೆ ಸರಳ ಇಂಗ್ಲಿಷ್ ಕಥೆ ಗಟ್ಟಿಯಾಗಿ ಓದಿ ಹೇಳಿದರೆ ಬಹಳ ಉಪಕಾರ. ಚರ್ಚ್ ಸಭಾಂಗಣದ ಕಪಾಟಿನಲ್ಲಿ ಬೀಗ ಹಾಕಿರುವ ಕಥೆಪುಸ್ತಕಗಳ ಕೀಲಿಕೈ ಯಾರ ಬಳಿ ಇದೆ ಎಂದು ಪಾಲನಾ ಪರಿಷತ್ತಿನವರು ಒಮ್ಮೆ ವಿಚಾರಿಸಲಿ.

ಅಂದು ನಾವು ಆ ಹುಡುಗಿಗೆ ಕಿಟಕಿಯಿಂದ ಬಸ್ ನಿಲ್ದಾಣ ತೋರಿಸಿ, ಮಳೆಯಿಂದ ತಪ್ಪಿಸಿಕೊಳ್ಳಲು ನಿಂತಿರುವ ಜಾಗಕ್ಕೆ ಅಜ್ಜಿ ಏನೆನ್ನುತ್ತಾರೆ, ಮನೆಗೆ ಹೋಗಿ ಕೇಳು ಎಂದೆವು. ಮುಂದಿನ ಭಾನುವಾರ ಪೂಜೆಯ ನಂತರ ಓಡಿ ಬಂದು "ಆಸ್ರೊ" ಎಂದಳು. ಅಜ್ಜಿ ಅದರೊಂದಿಗೆ, ತಾವು ಚಿಕ್ಕವರಿದ್ದಾಗ ನೆರೆ ಬಂದು ಮೂರು ದಿನ ಇಗರ್ಜಿಯ ಜಗಲಿಯಲ್ಲಿ ಮಲಗಿದ ಕಥೆಯನ್ನೂ ಹೇಳಿದ್ದರಂತೆ. ಅದನ್ನು ಇಂಗ್ಲಿಷ್‌ನಲ್ಲಿ ಮೂರು ವಾಕ್ಯ ಮಾಡಿ ಬರೆದು ತಂದಿದ್ದಳು. ಎರಡರಲ್ಲಿ ವ್ಯಾಕರಣ ತಪ್ಪಿತ್ತು. 'ಶೆಲ್ಟರ್' ಮಾತ್ರ ಸರಿಯಾದ ಜಾಗದಲ್ಲಿ ಇತ್ತು.