ಮೂರು ವಾರದ ಮುಪ್ಪು

ಅಗರ್ ತಟ್ಟೆಯ ಮೇಲೆ ಬಿದ್ದಿರುವ ಹುಳು ಬದುಕಿದೆಯೋ ಸತ್ತಿದೆಯೋ ತಿಳಿಯಲು ಸಂಶೋಧಕರು ಪ್ಲಾಟಿನಂ ತಂತಿಯ ತುದಿಯಿಂದ ಅದನ್ನು ಮೆಲ್ಲಗೆ ಮುಟ್ಟುತ್ತಾರೆ. ತಲೆ ಅಲುಗಿದರೆ ಸರಿ, ಇಲ್ಲದಿದ್ದರೆ ಲೆಕ್ಕಕ್ಕೆ ಇನ್ನೊಂದು ಸಾವು. ಒಂದು ಮಿಲಿಮೀಟರ್ ಉದ್ದದ, ಗಾಜಿನಷ್ಟು ಪಾರದರ್ಶಕವಾದ ಸಿ. ಎಲೆಗನ್ಸ್ ಎಂಬ ಈ ದುಂಡುಹುಳುವಿನ ಆಯುಷ್ಯ ಎರಡು-ಮೂರು ವಾರ. ಮನುಷ್ಯರ ಮುಪ್ಪಿನ ಬಗ್ಗೆ ಇದನ್ನೇನು ಕೇಳುವುದು ಎನ್ನಿಸುವುದು ಸಹಜ. ಕೇಳಬೇಕು, ಆದರೆ ಆಯುಷ್ಯ ಎಷ್ಟು ಹೆಚ್ಚೀತು ಎಂದಲ್ಲ, ಮುಪ್ಪಿನ ವೇಗ ಯಾವುದರ ಹಿಡಿತದಲ್ಲಿದೆ ಎಂದು.

ದೇಹವೂ ಯಂತ್ರದಂತೆ ಸವೆಯುತ್ತದೆ, ಅದಕ್ಕೆ ಯಾರಿಂದಲೂ ಏನೂ ಮಾಡಲಾಗದು ಎಂಬ ನಂಬಿಕೆ ಬಹುಕಾಲ ಗಟ್ಟಿಯಾಗಿತ್ತು. 1988ರಲ್ಲಿ ಹುಳುವಿನ ಆಯುಷ್ಯಕ್ಕೆ ಸಂಬಂಧಿಸಿದ ಏಜ್-1 ಎಂಬ ಜೀನ್ ಅದನ್ನು ಸ್ವಲ್ಪ ಅಲುಗಾಡಿಸಿತು. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಿಂಥಿಯಾ ಕೆನ್ಯನ್ ತಂಡ, ಡಾಫ್-2 ಎಂಬ ಒಂದೇ ಜೀನ್ ದುರ್ಬಲವಾದರೆ ಹುಳು ಎರಡು ಪಟ್ಟಿಗೂ ಹೆಚ್ಚು ಕಾಲ ಬದುಕುತ್ತದೆಂದು ತೋರಿಸಿತು. ಅಷ್ಟೇ ಮುಖ್ಯವಾದ ಮಾತು, ಡಾಫ್-16 ಎಂಬ ಇನ್ನೊಂದು ಜೀನ್ ಕೆಟ್ಟಿದ್ದರೆ ಈ ಲಾಭ ದಕ್ಕುವುದಿಲ್ಲ. ಅಂದರೆ ಸವೆತದ ಹಿಂದೆ ಒಂದು ವ್ಯವಸ್ಥೆಯಿದೆ. 1997ರಲ್ಲಿ ಗ್ಯಾರಿ ರವ್ಕುನ್ ತಂಡ ಡಾಫ್-2ರ ಗುರುತು ಹಿಡಿದಾಗ, ಅದು ನಮ್ಮ ಇನ್ಸುಲಿನ್ ಗ್ರಾಹಕದ ಬಂಧುವೇ ಆಗಿತ್ತು.

ಹುಳುವಿನಿಂದ ಮನುಷ್ಯರ ಬಗ್ಗೆ ಕಲಿಯುವುದಕ್ಕಿರುವ ಆಕ್ಷೇಪಗಳು ಹಗುರವಾದವಲ್ಲ. ಹುಳುವಿಗೆ ಹೃದಯವಿಲ್ಲ, ರಕ್ತನಾಳವಿಲ್ಲ. ಬೆಳೆದ ಮೇಲೆ ಅದರ 959 ದೇಹಕೋಶಗಳು ವಿಭಜಿಸುವುದೇ ಇಲ್ಲ, ಹಾಗಾಗಿ ನಮ್ಮಂಥ ಕ್ಯಾನ್ಸರ್ ಅದಕ್ಕಿಲ್ಲ. ಇದೇ ಬಗೆಯ ಗ್ರಾಹಕವನ್ನು ಇಲಿಗಳಲ್ಲಿ ಅರ್ಧಕ್ಕಿಳಿಸಿದಾಗ ಹೆಣ್ಣಿಲಿಗಳ ಆಯುಷ್ಯ ಸುಮಾರು ಮೂರನೇ ಒಂದು ಭಾಗ ಹೆಚ್ಚಿತು, ಗಂಡಿಲಿಗಳಲ್ಲಿ ಖಚಿತ ಲಾಭ ಕಾಣಲಿಲ್ಲ. ‘ಎಷ್ಟು’ ಎಂಬುದಕ್ಕೆ ಹುಳುವನ್ನು ನಂಬಬಾರದು ಎನ್ನಲು ಇಷ್ಟು ಸಾಕು. ಆದರೆ ಮುಪ್ಪಿನ ವೇಗವನ್ನು ಹಿಡಿದಿರುವ ದಾರಿ ಎರಡರಲ್ಲೂ ಅದೇ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಹುಳುವಿನ ಆಯುಷ್ಯ ಹೆಚ್ಚಿಸಿತೆಂಬ ಸುದ್ದಿ ಹಿಡಿದು ಮಾತ್ರೆ ಮಾರುವವರು ನೋಡಬೇಕಾದದ್ದು ಈ ವ್ಯತ್ಯಾಸವನ್ನೇ.

ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಬರುವುದಿಲ್ಲ ಎಂಬ ದೂರೂ ನಿಜ. ಅಮೆರಿಕದ ಮೂರು ಪ್ರಯೋಗಾಲಯಗಳು ಒಟ್ಟಾಗಿ ಇದನ್ನು ಕೆದಕಿದಾಗ, ಹುಳುವಿನ ವಯಸ್ಸನ್ನು ಮೊಟ್ಟೆಯಿಟ್ಟ ದಿನದಿಂದ ಎಣಿಸಬೇಕೋ ಒಡೆದ ದಿನದಿಂದಲೋ ಎಂಬುದರಲ್ಲೇ ಒಮ್ಮತವಿರಲಿಲ್ಲ. ಇಂಥ ತಪ್ಪು ಹುಳುವಿನಲ್ಲಿ ವಾರಗಳಲ್ಲಿ ಸಿಕ್ಕಿಬೀಳುತ್ತದೆ, ಇಲಿಯಲ್ಲಿ ವರ್ಷಗಳು ಬೇಕು. ಎಲ್ಲವನ್ನೂ ಸರಿಪಡಿಸಿದ ಮೇಲೂ, ಒಂದೇ ಜೀನ್‌ಗಳ, ಒಂದೇ ಆಹಾರ ತಿಂದ, ಒಂದೇ ತಾಪದಲ್ಲಿ ಬೆಳೆದ ಹುಳುಗಳು ಬೇರೆ ಬೇರೆ ದಿನ ಸಾಯುತ್ತವೆ. ಜೀನ್ ಮತ್ತು ಪರಿಸರ ಎಂಬ ಎರಡೇ ಕಾರಣಗಳಲ್ಲಿ ಮುಪ್ಪನ್ನು ಮುಗಿಸಿಬಿಡುವ ವಾದಕ್ಕೆ ಇದಕ್ಕಿಂತ ಚೊಕ್ಕವಾದ ಆಕ್ಷೇಪ ಮನುಷ್ಯರ ಅಧ್ಯಯನದಿಂದ ಸಿಗುವುದು ಕಷ್ಟ.